ಹಾಲಲ್ಲಿ ಇಟ್ಟ ದೋರ

ಭಾದ್ರಪದ ಶುದ್ಧ ಚತುರ್ದಶಿಯಂದು ವಿಷ್ಣುವನ್ನು ಅನಂತನೆಂದು ಪೂಜಿಸಿ, ಹದಿನಾಲ್ಕು ಗಂಟಿನ ದಾರವನ್ನು, ಅಂದರೆ ದೋರವನ್ನು, ತೋಳಿಗೆ ಕಟ್ಟಿಕೊಳ್ಳುವುದು ಅನಂತನ ವ್ರತ. ಅದರ ಕಥೆ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕೌಂಡಿನ್ಯ ದೋರವನ್ನು ಕಿತ್ತು ಬೆಂಕಿಗೆ ಎಸೆದದ್ದು. ಅದರ ಮುಂದಿನ ಮಾತು ಪುರೋಹಿತರ ಓದಿನ ಓಟದಲ್ಲಿ ಕಿವಿಗೆ ಬಿದ್ದೂ ಬೀಳದಂತೆ ಹೋಗಿಬಿಡುತ್ತದೆ. ಕೌಂಡಿನ್ಯನ ಹೆಂಡತಿ ಶೀಲೆ ‘ಹಾ ಹಾ’ ಎಂದು ಓಡಿದಳು. ಉರಿಯೊಳಗೆ ಕೈಯಿಟ್ಟು ದಾರವನ್ನು ಎತ್ತಿದಳು. ‘ಕ್ಷೀರಮಧ್ಯೇ ಸಮಾಕ್ಷಿಪತ್’, ಹಾಲಿನೊಳಗೆ ಹಾಕಿದಳು. ಅಷ್ಟೇ. ಗಂಡನ ಜೊತೆ ಜಗಳವಾಡಿದಳೆಂದು ಕಥೆ ಹೇಳುವುದಿಲ್ಲ. ಆ ದಾರವನ್ನೇ ಮತ್ತೆ ತೋಳಿಗೆ ಕಟ್ಟಿಕೊಂಡಳೆಂದೂ ಹೇಳುವುದಿಲ್ಲ.

ಆ ಹಾಲಿನ ಬಟ್ಟಲನ್ನು ಒಂದು ಗಳಿಗೆ ಕಣ್ಣಮುಂದೆ ತಂದುಕೊಳ್ಳಬೇಕು. ಸುಟ್ಟ ನೂಲಿನ ವಾಸನೆ ಇನ್ನೂ ಹೋಗಿಲ್ಲ. ದಾರಕ್ಕೆ ಬಳಿದಿದ್ದ ಕುಂಕುಮ ಸ್ವಲ್ಪಸ್ವಲ್ಪವಾಗಿ ಬಿಟ್ಟು ಹಾಲು ಕೆಂಪಗಾಗುತ್ತಿದೆ. ನೂಲಿನ ತುದಿಗಳು ಕರಿದಾಗಿ ಉದುರಿವೆ, ಆದರೆ ಬಿಗಿದ ಗಂಟು ಬೇಗ ಸುಡುವುದಿಲ್ಲ. ಹದಿನಾಲ್ಕರಲ್ಲಿ ಎಷ್ಟು ಉಳಿದವೋ ಕಥೆ ಎಣಿಸಿಲ್ಲ. ಎಷ್ಟು ಉಳಿದವೋ ಅಷ್ಟು ಹಾಲಲ್ಲಿ ಇವೆ. ಆಮೇಲೆ ಮನೆ ಸುಟ್ಟಿತು, ಗೋವುಗಳನ್ನು ಕಳ್ಳರು ಹೊಡೆದುಕೊಂಡು ಹೋದರು, ನೆಂಟರು ಮುನಿದು ದೂರವಾದರು. ಕೌಂಡಿನ್ಯ ಅನಂತನನ್ನು ಹುಡುಕುತ್ತ ಕಾಡಿಗೆ ಹೊರಟ. ಇಷ್ಟೆಲ್ಲ ಆಗುವ ಮೊದಲೇ ದಾರವನ್ನು ಹಾಲಿಗಿಟ್ಟವಳು ಶೀಲೆ. ದೇವರ ಮೇಲಿನ ನಂಬಿಕೆ ಹೋಯಿತು ಎಂದು ಕೊರಗುವವರಿಗೆ ಈ ಕಥೆಯಲ್ಲಿ ಮೊದಲ ಆಸರೆ ಇಲ್ಲೇ ಇದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೌಂಡಿನ್ಯ ಕಿತ್ತೆಸೆದದ್ದು ತನ್ನ ತೋಳಿನ ದೋರವನ್ನಲ್ಲ, ಹೆಂಡತಿಯ ತೋಳಿನದನ್ನು. ಯಮುನೆಯ ದಡದಲ್ಲಿ ಕೆಂಪು ಸೀರೆಯುಟ್ಟ ಹೆಂಗಸರ ಬಳಿ ಹೋಗಿ, ಇದೇನು ಪೂಜೆ ಎಂದು ಕೇಳಿ ತಿಳಿದು ವ್ರತ ಹಿಡಿದವಳು ಶೀಲೆ. ಅವಳು ಪೂಜೆಗೆ ಕೂತಾಗ ಗಂಡ ತನ್ನ ಮಧ್ಯಾಹ್ನದ ಆಹ್ನಿಕದಲ್ಲಿದ್ದ. ವ್ರತದಿಂದ ಸಂಪತ್ತು ಬಂದಾಗ ಉಂಡ, ವ್ರತದಲ್ಲಿ ಪಾಲುಗೊಳ್ಳಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದೂ ಇದೇ. ಅಜ್ಜಿಯ ನೇಮ, ಅಮ್ಮನ ಉಪವಾಸ, ಅಪ್ಪನ ಜಪ, ಇವುಗಳ ನೆರಳಲ್ಲಿ ಬೆಳೆದವರು ಒಂದು ದಿನ ‘ನನಗೆ ನಂಬಿಕೆ ಹೋಯಿತು’ ಎನ್ನುತ್ತಾರೆ. ಹೋದದ್ದು ಅವರು ಮಾಡಿದ ವ್ರತವಲ್ಲ, ಮನೆಯಲ್ಲಿ ನಡೆದುಬಂದ ವ್ರತ. ಹಾಗಾಗಿ ಅವರಿಗೆ ಅದನ್ನು ಮರಳಿ ಪಡೆಯುವುದೆಂದರೆ ಮೊದಲ ಸಲ ಸ್ವಂತಕ್ಕೆ ಹಿಡಿಯುವುದು.

ಬೆಂಕಿಗೆ ಎಸೆಯುವಷ್ಟು ಸಿಟ್ಟು ಬಹಳ ಜನಕ್ಕೆ ಬರುವುದೂ ಇಲ್ಲ. ಸಾಮಾನ್ಯವಾಗಿ ಭಾದ್ರಪದದಲ್ಲಿ ಸೂತಕ ಬಂದು ಒಂದು ವರ್ಷ ತಪ್ಪುತ್ತದೆ. ಮರುವರ್ಷ ರಜೆ ಸಿಗುವುದಿಲ್ಲ. ಮೂರನೆಯ ವರ್ಷ ‘ಎರಡು ವರ್ಷ ಬಿಟ್ಟವರು ಈಗ ಯಾವ ಮುಖ ಇಟ್ಟುಕೊಂಡು ಕೂರುವುದು’ ಎಂಬ ನಾಚಿಕೆ. ನಾಚಿಕೆ ಹಳೆಯದಾದಂತೆ ‘ಇದರಲ್ಲೆಲ್ಲ ಏನಿದೆ’ ಎಂಬ ಮಾತಾಗುತ್ತದೆ. ಹರಕೆ ಹೊತ್ತರೂ ಆಸ್ಪತ್ರೆಯಿಂದ ಮನೆಗೆ ಬಾರದವರ ದುಃಖದಲ್ಲಿ ಬಿಟ್ಟವರದು ಬೇರೆಯೇ ನೋವು. ಅವರಿಗೆ ಯಾರೂ ಬೋಧನೆ ಮಾಡಬಾರದು. ಅವರ ಸಿಟ್ಟು ದೇವರಿಗೆ ಹೊಸದೂ ಅಲ್ಲ.

ಮತ್ತೆ ಹಿಡಿಯಬೇಕು ಎನ್ನಿಸಿದವರು ಎಲ್ಲಿಂದ ಆರಂಭಿಸಬೇಕು? ಶ್ರಾವಣದ ಅಮಾವಾಸ್ಯೆಯಿಂದ. ಅಂದು ಕುಶಗ್ರಹಣ. ಆ ದಿನ ಕಿತ್ತ ದರ್ಭೆ ವರ್ಷವಿಡೀ ಬಳಕೆಗೆ ಬರುತ್ತದೆ. ಅಲ್ಲಿಂದ ಹದಿನಾಲ್ಕನೆಯ ತಿಥಿಯೇ ಭಾದ್ರಪದ ಶುದ್ಧ ಚತುರ್ದಶಿ. ಗಂಟು ಹದಿನಾಲ್ಕು, ವ್ರತ ಮಾಡುವ ವರ್ಷ ಹದಿನಾಲ್ಕು, ಸಿದ್ಧತೆಗೂ ಹದಿನಾಲ್ಕು ದಿನ. ಈ ದಿನಗಳಲ್ಲಿ ಮೊದಲ ಕೆಲಸ ಹಳೆಯ ದೋರವನ್ನು ಹುಡುಕುವುದು. ದೇವರ ಪೆಟ್ಟಿಗೆಯ ತಳ, ಕುಂಕುಮದ ಭರಣಿ, ಹಳೆಯ ಪಂಚಾಂಗದ ಹಾಳೆಗಳ ನಡುವೆ, ತೀರಿಹೋದ ಹಿರಿಯರ ಎಲೆಯಡಿಕೆ ಡಬ್ಬಿ, ಇಲ್ಲೆಲ್ಲ ನೋಡಿ. ರೇಷ್ಮೆಯದಾದರೆ ಹುಳ ಹೊಡೆದಿರಬಹುದು, ನೂಲಿನದಾದರೆ ಬೂಷ್ಟು ಹಿಡಿದಿರಬಹುದು. ಹೇಗಿದ್ದರೂ ಕಸಕ್ಕೆ ಹಾಕಬೇಡಿ, ತೊಳೆಯಲೂ ಬೇಡಿ. ಪೂಜೆಯ ದಿನ ಹೊಸ ದೋರದ ಪಕ್ಕದಲ್ಲಿಟ್ಟು, ಅದಕ್ಕೂ ಅಕ್ಷತೆ ಹಾಕಿ, ಆಮೇಲೆ ವಿಸರ್ಜಿಸುವುದು ಕ್ರಮ. ಸಿಗದಿದ್ದರೆ ಎದೆ ಒಡೆದುಕೊಳ್ಳಬೇಕಾಗಿಲ್ಲ. ಯಾರಾದರೂ ಕೊಟ್ಟರೆ, ಅಥವಾ ದೋರ ತಾನಾಗಿ ಕೈಗೆ ಸಿಕ್ಕರೆ ವ್ರತ ಹಿಡಿಯುವ ರೂಢಿ ಕೆಲವು ಮನೆತನಗಳಲ್ಲಿದೆ. ಆಚರಿಸುವ ಮನೆಯೊಂದಕ್ಕೆ ಹೋಗಿ ‘ನಮಗೂ ಒಂದು ದೋರ ಕೊಡಿ’ ಎಂದು ಕೇಳಿ ಪಡೆಯಬಹುದು.

ಹೊಸ ದೋರವನ್ನು ಸಾಧ್ಯವಾದಷ್ಟೂ ಮನೆಯಲ್ಲೇ ಮಾಡಿ. ಪೂಜಾ ಸಾಮಾನಿನ ಗ್ರಂಥಿಗೆ ಅಂಗಡಿಯಲ್ಲಿ ಸಿದ್ಧ ದೋರ ಸಿಗುತ್ತದೆ, ಆದರೆ ಎಷ್ಟೋ ದೋರಗಳಲ್ಲಿ ಗಂಟಿನ ಜಾಗದಲ್ಲಿ ಬರೀ ದಾರ ಸುತ್ತಿರುತ್ತಾರೆ. ಹದಿಮೂರು ಇರುವುದೂ ಉಂಟು, ಹದಿನೈದು ಇರುವುದೂ ಉಂಟು. ತಂದರೆ ಎಣಿಸಿ ತನ್ನಿ. ಮನೆಯಲ್ಲಿ ಮಾಡುವುದಾದರೆ ಶುದ್ಧ ಹತ್ತಿಯ ನೂಲು, ಒಂದೂವರೆ ಮೊಳ ಉದ್ದ, ಹದಿನಾಲ್ಕು ಎಳೆ. ಒಂದು ಮೊಳ ಸಾಕೆಂದು ಕತ್ತರಿಸಿದವರೆಲ್ಲ ಕೊನೆಯಲ್ಲಿ ಪರದಾಡುತ್ತಾರೆ. ಹದಿನಾಲ್ಕು ಗಂಟುಗಳೇ ಗೇಣಿನಷ್ಟು ಉದ್ದವನ್ನು ತಿಂದುಬಿಡುತ್ತವೆ, ತೋಳಿಗೆ ಸುತ್ತಿ ಕಟ್ಟಲು ತುದಿಯೇ ಉಳಿಯುವುದಿಲ್ಲ. ಅರಿಸಿನ ಕುಂಕುಮದ ನೀರಲ್ಲಿ ಅದ್ದುವುದು ಗಂಟು ಹಾಕುವ ಮೊದಲು. ಆಮೇಲೆ ಅದ್ದಿದರೆ ಗಂಟಿನೊಳಗೆ ಬಣ್ಣ ಹೋಗದೆ ಬಿಳಿ ಉಳಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಲಿ. ಒದ್ದೆ ನೂಲಿಗೆ ಹಾಕಿದ ಗಂಟು ಒಣಗಿದಾಗ ಸಡಿಲವಾಗುತ್ತದೆ. ನಡುವನ್ನು ಗುರುತಿಸಿಕೊಂಡು ಈಚೆ ಏಳು, ಆಚೆ ಏಳು ಹಾಕಿದರೆ ಸಾಲು ಸಮನಾಗಿ ಬರುತ್ತದೆ. ಮೇಲಿನ ಏಳು ಲೋಕ, ಕೆಳಗಿನ ಏಳು ಲೋಕ ಎಂದು ಹಿರಿಯರು ಹೇಳುವ ಲೆಕ್ಕಕ್ಕೂ ಇದು ಹೊಂದುತ್ತದೆ. ಒಂದೊಂದು ಗಂಟಿಗೆ ಒಂದೊಂದು ಸಲ ‘ಅನಂತಾಯ ನಮಃ’. ಮನಸ್ಸು ನಿಲ್ಲದಿದ್ದರೂ ಬೆರಳು ಗಂಟಿನ ಮೇಲೆ ನಿಂತಿರುತ್ತದೆ, ಆರಂಭಕ್ಕೆ ಅದು ಸಾಕು. ಧರ್ಮರಾಯನಿಗೆ ಈ ವ್ರತ ಹೇಳಿದ ಕೃಷ್ಣನೇ ಅರ್ಜುನನಿಗೆ, ಚಿತ್ತವನ್ನು ನನ್ನಲ್ಲಿ ಸ್ಥಿರವಾಗಿ ಇಡಲಾಗದಿದ್ದರೆ ಅಭ್ಯಾಸದಿಂದ ನನ್ನನ್ನು ಪಡೆಯಲು ಬಯಸು ಎಂದವನು.

ದರ್ಭೆಯಲ್ಲಿ ಏಳು ಹೆಡೆಯ ಶೇಷನನ್ನು ಮಾಡುವುದು ಮೊದಲ ಸಲಕ್ಕೆ ಕಷ್ಟ. ಒಣ ದರ್ಭೆ ಬಾಗಿಸಿದೊಡನೆ ಸೀಳುತ್ತದೆ, ಹಿಂದಿನ ರಾತ್ರಿಯೇ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಕಲಶದ ಬಾಯಿಯ ಮೇಲೆ ನೇರವಾಗಿ ಇಟ್ಟರೆ ವಾಲುತ್ತದೆ. ಅಕ್ಕಿ ಹಾಕಿದ ಸಣ್ಣ ತಟ್ಟೆಯನ್ನು ಕಲಶದ ಮೇಲಿಟ್ಟು, ಬಾಲವನ್ನು ಅಕ್ಕಿಯಲ್ಲಿ ಒತ್ತಿ ಕೂರಿಸಿದರೆ ಅಲುಗುವುದಿಲ್ಲ. ಯಮುನಾ ಪೂಜೆಗೆ ಹೊಳೆಯ ನೀರೋ ಬಾವಿಯ ನೀರೋ ಬೇಕೆಂಬುದು ಸರಿಯೇ. ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿರುವವರು ನಲ್ಲಿಯ ನೀರನ್ನೇ ತುಂಬಿಸಿ ‘ಗಂಗೇ ಚ ಯಮುನೇ ಚೈವ’ ಎಂದು ಕರೆದರೆ ಆ ತಾಯಿ ಬರುವುದಿಲ್ಲ ಎನ್ನಲಾದೀತೇ?

ಇನ್ನು ಅತಿರಸ. ಹಲವು ಮನೆಗಳಲ್ಲಿ ಲೆಕ್ಕ 28, ಅದರಲ್ಲಿ 14 ವಾಯನ ದಾನಕ್ಕೆ, 14 ಮನೆಯವರಿಗೆ. ಅರ್ಧ ದಾನ, ಅರ್ಧ ಊಟ ಎಂಬುದು ಯಮುನೆಯ ದಡದ ಆ ಹೆಂಗಸರು ಶೀಲೆಗೆ ಹೇಳಿಕೊಟ್ಟ ಮಾತೇ. ಅರ್ಧ ಕಿಲೋ ಅಕ್ಕಿಗೆ 350ರಿಂದ 400 ಗ್ರಾಂ ಬೆಲ್ಲ. ಅಕ್ಕಿಯನ್ನು ನೆನೆಸಿ, ಸೋಸಿ, ಬಟ್ಟೆಯ ಮೇಲೆ ನೆರಳಲ್ಲಿ ಹರವಿ, ಕೈಗೆ ತೇವ ತಿಳಿಯುವಾಗಲೇ ಪುಡಿ ಮಾಡಿ ಜರಡಿ ಹಿಡಿಯಬೇಕು. ಪಾಕದ ಹನಿಯನ್ನು ನೀರಿಗೆ ಬಿಟ್ಟರೆ ಮೆತ್ತನೆಯ ಉಂಡೆಯಾಗಬೇಕು. ಪಾಕ ಎಳೆಯದಾದರೆ ಎಣ್ಣೆಯಲ್ಲಿ ಬಿಚ್ಚಿ ಚೂರಾಗುತ್ತದೆ, ಬಲಿತರೆ ಕಲ್ಲು. ಹಿಟ್ಟು ಒಂದು ರಾತ್ರಿ ಕೂರಲಿ. ಉರಿ ಸಣ್ಣದಿರಲಿ, ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುವುದು ಉರಿ ಹೆಚ್ಚಾದಾಗಲೇ. ಒಡೆದದ್ದನ್ನು ದಾನಕ್ಕೆ ಇಡುವುದಿಲ್ಲ, ಆದ್ದರಿಂದ ನಾಲ್ಕಾರು ಹೆಚ್ಚಿಗೆ ತಟ್ಟಿ. ಮೊದಲ ವರ್ಷ ಇದು ಯಾವುದೂ ಕೈಲಾಗದು ಎಂದರೆ 28 ಬಾಳೆಹಣ್ಣು ಇಡಿ ಎನ್ನುತ್ತೇನೆ. ಉಡುಪಿ ಜಿಲ್ಲೆಯ ಪೆರ್ಡೂರಿನ ಅನಂತಪದ್ಮನಾಭ ಕದಳೀಪ್ರಿಯ ಎಂದೇ ಹೆಸರಾದವನು, ಅಲ್ಲಿ ಬಾಳೆಹಣ್ಣಿನದೇ ಸೇವೆ.

ವ್ರತದ ದಿನ ಸೂರ್ಯೋದಯಕ್ಕೆ ಚತುರ್ದಶಿ ಇದೆಯೇ ಎಂದು ಪಂಚಾಂಗದಲ್ಲಿ ನೋಡಿಕೊಳ್ಳಿ. ಸಂಕಲ್ಪ ಮಾಡುವಾಗ ಬಿಟ್ಟುಹೋದ ವರ್ಷಗಳನ್ನು ಮುಚ್ಚಿಡಬೇಡಿ. ಇಷ್ಟು ವರ್ಷ ತಪ್ಪಿದೆ, ಈಗ ಮತ್ತೆ ಹಿಡಿಯುತ್ತಿದ್ದೇನೆ ಎಂದು ಕನ್ನಡದಲ್ಲೇ ಹೇಳಿ ನೀರು ಬಿಡಿ. ಹಿಂದೆ ಆರು ವರ್ಷ ಆಗಿತ್ತು, ಇನ್ನು ಎಂಟು ಮಾಡಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ನಿಮ್ಮ ಮನೆಯ ಪುರೋಹಿತರು ಹೇಳಿದಂತೆ ನಡೆಯಿರಿ. ನನ್ನನ್ನು ಕೇಳಿದರೆ ಒಂದರಿಂದಲೇ ಎಣಿಸುವುದು ಒಳ್ಳೆಯದು. ಅನಂತನನ್ನು ಕಣ್ಣಾರೆ ಕಂಡು ಬಂದ ಕೌಂಡಿನ್ಯನಿಗೂ ಪೂರ್ತಿ ಹದಿನಾಲ್ಕು ವರ್ಷ ಮಾಡು ಎಂದೇ ಅಪ್ಪಣೆಯಾಯಿತು. ದರ್ಶನ ಒಂದು ಗಳಿಗೆಯದು, ಅದು ರಕ್ತಗತವಾಗಲು ವರ್ಷಗಳು ಬೇಕು. ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಏನೂ ಅನ್ನಿಸದೆ ಬರೀ ಪಾತ್ರೆ ತೊಳೆದದ್ದಷ್ಟೇ ನೆನಪುಳಿದರೆ ಹೆದರಬಾರದು. ಆ ವರ್ಷವೂ ಲೆಕ್ಕಕ್ಕೆ ಸೇರುತ್ತದೆ.

ದೋರ ಕಟ್ಟುವುದು ಗಂಡಸರಿಗೆ ಬಲತೋಳಿಗೆ, ಹೆಂಗಸರಿಗೆ ಎಡತೋಳಿಗೆ. ಕಟ್ಟುವಾಗಿನ ಮಂತ್ರವನ್ನು ಅರ್ಥ ತಿಳಿದೇ ಹೇಳಿ.

ಅನಂತಸಂಸಾರಮಹಾಸಮುದ್ರೇ ಮಗ್ನಂ ಸಮಭ್ಯುದ್ಧರ ವಾಸುದೇವ
ಅನಂತರೂಪೇ ವಿನಿಯೋಜಯಸ್ವ ಹ್ಯನಂತಸೂತ್ರಾಯ ನಮೋ ನಮಸ್ತೇ

‘ಮಗ್ನಂ’ ಎಂದರೆ ಮುಳುಗಿದವನನ್ನು. ಈಜಬಲ್ಲವನನ್ನು ಎತ್ತು ಎಂದು ಯಾರೂ ಕೇಳುವುದಿಲ್ಲ. ನಂಬಿಕೆ ಗಟ್ಟಿಯಾಗಿರುವವರಿಗಿಂತ ಕಳೆದುಕೊಂಡವರ ಬಾಯಲ್ಲಿ ಈ ಮಂತ್ರಕ್ಕೆ ಹೆಚ್ಚು ಅರ್ಥವಿದೆ.

ಕಥಾಶ್ರವಣವನ್ನು ಮೊಟಕು ಮಾಡಬೇಡಿ. ಈಗೀಗ ಕಥೆಯೆಂದರೆ ಐದು ನಿಮಿಷದ ಓದು. ಅದರಲ್ಲೂ ಬಿಟ್ಟುಹೋಗುವುದು ಕೌಂಡಿನ್ಯನ ಅಲೆದಾಟವೇ. ಹಣ್ಣು ತುಂಬಿದರೂ ಹಕ್ಕಿ ಮುಟ್ಟದ ಮಾವಿನ ಮರವನ್ನು ಕೇಳುತ್ತಾನೆ, ಅನಂತನನ್ನು ಕಂಡೆಯಾ? ಕಾಣೆ. ಕರುವಿನ ಜೊತೆಗಿದ್ದ ಹಸುವನ್ನು, ಎತ್ತನ್ನು, ನೀರು ಒಂದರಿಂದ ಒಂದಕ್ಕೆ ಹರಿಯುವ ಎರಡು ಕೊಳಗಳನ್ನು, ಕತ್ತೆಯನ್ನು, ಆನೆಯನ್ನು ಕೇಳುತ್ತಾನೆ. ಎಲ್ಲರದೂ ಅದೇ ಉತ್ತರ. ನಂಬಿಕೆ ಹೋಗಿರುವವನು ಇಷ್ಟು ಸಲ ‘ಕಂಡೆಯಾ’ ಎಂದು ಕೇಳಿದನಲ್ಲ, ಆ ಕೇಳುವಿಕೆಯೇ ಅವನ ಭಕ್ತಿ. ಕೊನೆಗೆ ನೆಲಕ್ಕೆ ಬಿದ್ದಾಗ ಮುದುಕ ಬ್ರಾಹ್ಮಣನೊಬ್ಬ ಬಂದು ಬಲಗೈ ಹಿಡಿದು ಎಬ್ಬಿಸಿದ. ಅನಂತ ಹುಡುಕಿದವನಿಗೆ ಸಿಗಲಿಲ್ಲ, ಬಿದ್ದವನ ಬಳಿಗೆ ತಾನೇ ಬಂದ.

ಆಮೇಲೆ ಅನಂತನೇ ಬಿಡಿಸಿ ಹೇಳುತ್ತಾನೆ. ಎತ್ತು ಧರ್ಮ, ಕತ್ತೆ ಕ್ರೋಧ, ಆನೆ ಮದ. ಕೊಳಗಳು ದಾನವನ್ನು ತಮ್ಮತಮ್ಮಲ್ಲೇ ಕೊಟ್ಟುಕೊಂಡ ಅಕ್ಕತಂಗಿಯರು. ಮಾವಿನ ಮರ, ವಿದ್ಯೆಯಿದ್ದೂ ಶಿಷ್ಯರಿಗೆ ಹೇಳಿಕೊಡದ ಬ್ರಾಹ್ಮಣ. ಈ ಮಾತು ಬಂದಾಗ ಮನೆಯ ಹಿರಿಯರು ತಲೆ ತಗ್ಗಿಸಬೇಕು. ಮಕ್ಕಳಿಗೆ ಹೂ ಕಟ್ಟಲು, ಗಂಟು ಹಾಕಲು, ಪಾಕದ ಹದ ನೋಡಲು ಹೇಳಿಕೊಟ್ಟೆವೇ? ‘ನಿನಗೆ ಪರೀಕ್ಷೆಯಿದೆ, ಓದಿಕೋ, ನಮಸ್ಕಾರಕ್ಕೆ ಕರೆಯುತ್ತೇವೆ’ ಎಂದವರು ನಾವು. ಈಗ ಮಕ್ಕಳಿಗೆ ಭಕ್ತಿಯಿಲ್ಲ ಎಂದು ನೊಂದುಕೊಳ್ಳುವವರೂ ನಾವೇ. ಹೇಳಿಕೊಟ್ಟದ್ದು ಏನೆಂದರೆ ಭಯ. ದೋರ ಹರಿದರೆ ಕೇಡು, ವ್ರತ ಬಿಟ್ಟರೆ ಮನೆ ನಾಶ. ಹೆದರಿಸಿ ಹಿಡಿಸಿದ ವ್ರತ ಹೆದರಿಕೆ ಹೋದ ದಿನ ಹೋಗುತ್ತದೆ. ಸ್ಕ್ಯಾನಿಂಗಿಗೋ ಶಸ್ತ್ರಚಿಕಿತ್ಸೆಗೋ ದೋರ ಬಿಚ್ಚಬೇಕೆಂದರೆ ಬಿಚ್ಚಿ ದೇವರ ಮುಂದಿಡಿ. ತಾನಾಗಿ ಹರಿದರೆ ತುಳಸಿಯ ಬುಡದಲ್ಲಿಡಿ. ತನ್ನ ಸೂತ್ರವನ್ನು ಸುಟ್ಟವನನ್ನೇ ಕೈಹಿಡಿದು ಎಬ್ಬಿಸಿ ಮೂರು ವರ ಕೊಟ್ಟವನು ಹರಿದ ದಾರಕ್ಕೆ ಮುನಿಯುತ್ತಾನೆಯೇ?

ಜೈನರ ಮನೆಗಳಲ್ಲೂ ಅದೇ ಚತುರ್ದಶಿಯಂದು ಅನಂತನ ನೋಂಪಿ, ಅಂದರೆ ವ್ರತ, ನಡೆಯುತ್ತದೆ. ಅಲ್ಲಿ ಪೂಜೆ ಹದಿನಾಲ್ಕನೆಯ ತೀರ್ಥಂಕರ ಅನಂತನಾಥನಿಗೆ, ಪಂಚಮಿಯಿಂದ ಆರಂಭವಾದ ದಶಲಕ್ಷಣ ಪರ್ವ ಮುಗಿಯುವುದೂ ಅಂದೇ.

ಪೂಜೆ ಮುಗಿದ ಮೇಲೆ ದೋರವನ್ನು ಕೆಲವರು ಅಂದೇ ರಾತ್ರಿ ಬಿಚ್ಚುತ್ತಾರೆ, ಕೆಲವರು ಹದಿನಾಲ್ಕು ದಿನ, ಕೆಲವರು ಮುಂದಿನ ಚತುರ್ದಶಿಯವರೆಗೂ ಕಟ್ಟಿರುತ್ತಾರೆ. ಬಿಚ್ಚಿದರೆ ಕತ್ತರಿಸಬೇಡಿ, ತುದಿಯ ಗಂಟನ್ನು ಕೈಯಿಂದಲೇ ಸಡಿಲಿಸಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ನಿಂತು ಬೂಷ್ಟು ಬರುತ್ತದೆ, ಒಣಗಿದ ಮೇಲೆ ಹತ್ತಿಬಟ್ಟೆಯಲ್ಲಿ ಸುತ್ತಿ ಕುಂಕುಮದ ಭರಣಿಯ ಪಕ್ಕದಲ್ಲಿಡಿ. ಜೊತೆಗೆ ಒಂದು ಚೀಟಿ. ಅದರಲ್ಲಿ ಸಂವತ್ಸರದ ಹೆಸರು, ಅದರ ಕೆಳಗೆ ‘1’ ಎಂಬ ಅಂಕಿ, ಮುಂದಿನ ಹದಿಮೂರಕ್ಕೆ ಜಾಗ.