ಜನವರಿಯಲ್ಲಿ ಹಿರಿಯರನ್ನು ದೆಹಲಿಗೆ ಕರೆದೊಯ್ಯುವ ಮುನ್ನ

ಚಳಿಗಾಲದಲ್ಲಿ ದೆಹಲಿ, ಆಗ್ರಾ ನೋಡಲು ಹೊರಟವರಿಗೆ ನಮ್ಮ ಹುಬ್ಬಳ್ಳಿಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಸ್ವೆಟರ್ ಮರೆಯಬೇಡಿ. ಅಸ್ತಮಾ ಇರುವ ಅವ್ವ ಮತ್ತು ರಕ್ತದೊತ್ತಡದ ಮಾತ್ರೆ ನುಂಗುವ ಕಾಕಾ, ಇಬ್ಬರನ್ನೂ ಕರೆದುಕೊಂಡು ಹೋಗಿ ಬಂದಿರುವ ನಾನು ಬೇರೆಯೇ ಮಾತು ಹೇಳಬೇಕಾಗಿದೆ. ಅಲ್ಲಿಯ ಚಳಿಯನ್ನೂ ಹೊಗೆಯನ್ನೂ ಎರಡು ಪ್ರತ್ಯೇಕ ತೊಂದರೆಗಳೆಂದು ತಿಳಿದು ಒಂದಕ್ಕೆ ಸ್ವೆಟರ್, ಇನ್ನೊಂದಕ್ಕೆ ಮಾಸ್ಕ್ ಕಟ್ಟಿಕೊಂಡು ಹೋದರೆ ಸಾಲದು. ಎರಡೂ ಒಂದೇ ಹೊತ್ತಿನಲ್ಲಿ ಅದೇ ಹೃದಯ, ಅದೇ ಶ್ವಾಸಕೋಶದ ಮೇಲೆ ಬೀಳುವುದರಿಂದ, ಇಡೀ ದಿನದ ವೇಳಾಪಟ್ಟಿಯನ್ನೇ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು.

ನಸುಕಿನಲ್ಲಿ ಉಣಕಲ್ ಕೆರೆಯ ದಂಡೆಯ ಮೇಲೆ ನಡೆಯುವುದು ಕಾಕಾ ಅವರ ಹಲವು ವರ್ಷಗಳ ರೂಢಿ. ದೆಹಲಿಯಲ್ಲಿಯೂ ಅದನ್ನು ಬಿಡಬಾರದೆಂದು, ಬೆಳಕು ಹರಿಯುವ ಮುಂಚೆಯೇ ಲೋಧಿ ಉದ್ಯಾನಕ್ಕೆ ಹೊರಟು ನಿಂತರು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಎದೆ ಬಿಗಿದಂತಾಗಿ ಕಲ್ಲುಬೆಂಚಿನ ಮೇಲೆ ಕುಳಿತು, "ಇದು ಮಂಜ ಅಲ್ಲೋ ತಮ್ಮಾ, ಬರೀ ಹೊಗಿ" ಎಂದರು. ಅವರ ಮಾತಿನಲ್ಲಿ ಬಹುಪಾಲು ಸತ್ಯವಿತ್ತು. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ಹತ್ತಿದ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತುಬಿಡುತ್ತದೆ. ವಾಹನ, ಕಾರ್ಖಾನೆ, ಕಸ ಹಾಗೂ ಕಟ್ಟಿಗೆ ಸುಟ್ಟ ಹೊಗೆಯೆಲ್ಲ ಅದರಡಿಯೇ ಸಿಕ್ಕಿಕೊಳ್ಳುತ್ತದೆ. ಬೀಸುವ ಗಾಳಿಯೂ ಇಲ್ಲದಿದ್ದರೆ ಬಿಸಿಲು ಏರಿ ನೆಲ ಕಾಯುವವರೆಗೆ ಅದು ಕದಲುವುದಿಲ್ಲ. ಎಂದರೆ, ನಮ್ಮೂರಿನಲ್ಲಿ ವಾಯುವಿಹಾರಕ್ಕೆ ಅತ್ಯಂತ ಒಳ್ಳೆಯದೆನಿಸುವ ಹೊತ್ತೇ ದೆಹಲಿಯ ಜನವರಿಯಲ್ಲಿ ಅತ್ಯಂತ ಕೆಟ್ಟ ಹೊತ್ತು. ಮೈ ಕೊರೆಯುವ ಚಳಿ ಮತ್ತು ದಟ್ಟವಾದ ಹೊಗೆ, ಎರಡೂ ಉತ್ತುಂಗದಲ್ಲಿರುವುದು ಆಗಲೇ.

ಹೊರಡುವ ಮುನ್ನ ನಮ್ಮ ವೈದ್ಯರು ವಿವರಿಸಿದ್ದು ಆ ಬೆಂಚಿನ ಬಳಿ ನೆನಪಾಯಿತು. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ, ಹೃದಯ ಹೆಚ್ಚು ಬಲ ಹಾಕಿ ದುಡಿಯಬೇಕಾಗುತ್ತದೆ. ಪಿಎಂ 2.5 ಎನ್ನುವ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉರಿಯೂತ ಎಬ್ಬಿಸುತ್ತವೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನೂ ಹೆಚ್ಚಿಸುತ್ತವೆ. ಇತ್ತ ಒಣ ಚಳಿಗಾಳಿ ಅಸ್ತಮಾ ಇದ್ದವರ ಶ್ವಾಸನಾಳವನ್ನು ಬಿಗಿಯುವುದರ ಜೊತೆಗೆ, ಕಣಗಳನ್ನು ಹೊರದೂಡುವ ಒಳಪದರದ ಕೆಲಸವನ್ನೂ ನಿಧಾನಗೊಳಿಸುತ್ತದೆ. ಒಳಹೊಕ್ಕ ಹೊಗೆ ಅಲ್ಲಿಯೇ ಹೆಚ್ಚು ಹೊತ್ತು ಉಳಿಯುತ್ತದೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಕಲ್ಲಿದ್ದಲ ಹೊಗೆ ಮತ್ತು ಚಳಿ ಹೀಗೆಯೇ ಕೂಡಿ ನಿಂತಾಗ ಸುಮಾರು 4,000 ಜನ ಸತ್ತರೆಂದು ಮೊದಲು ಲೆಕ್ಕ ಹಾಕಲಾಗಿತ್ತು. ನಂತರದ ಅಂದಾಜುಗಳು 12,000ದವರೆಗೆ ಹೋಗುತ್ತವೆ.

ಚನ್ನಮ್ಮ ವೃತ್ತದ ಧೂಳು ಕುಡಿದ ಗಂಟಲಿಗೆ ದೆಹಲಿ ಏನು ಮಾಡೀತು ಎನ್ನುವವರು ನಮ್ಮಲ್ಲಿ ಬಹಳ ಇದ್ದಾರೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ನಗರಗಳ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡವೂ ಇರುವುದು ನಿಜ. ಆದರೆ ರಸ್ತೆಯಿಂದೇಳುವ ಧೂಳಿನ ಬಹುಭಾಗ ದಪ್ಪ ಕಣಗಳದ್ದು. ಅವುಗಳಲ್ಲಿ ಹೆಚ್ಚಿನವನ್ನು ಮೂಗು, ಗಂಟಲುಗಳೇ ತಡೆಯುತ್ತವೆ. ಸುಟ್ಟ ಹೊಗೆಯ ಸೂಕ್ಷ್ಮ ಕಣಗಳಿಗೆ ಆ ತಡೆಯಿಲ್ಲ, ಮತ್ತು ನಮ್ಮ ಜನವರಿಯ ಚಳಿ ದೆಹಲಿಯವರ ಲೆಕ್ಕದಲ್ಲಿ ಚಳಿಯೇ ಅಲ್ಲ.

ಇನ್ನು ವಸತಿಯ ವಿಷಯ. ರೈಲು ನಿಲ್ದಾಣದ ಸಮೀಪದ ಲಾಡ್ಜೊಂದರವರು ಫೋನಿನಲ್ಲಿ "ಹೀಟರ್ ಇದೆ" ಎಂದಿದ್ದರು. ಹೋದ ಮೇಲೆ, ಹೀಟರಿಗೆ ರಾತ್ರಿಗೆ 400 ರೂಪಾಯಿ ಬೇರೆ ಕೊಡಬೇಕೆಂದರು. ಕೊಟ್ಟೆವು. ನಡುರಾತ್ರಿ ಕರೆಂಟ್ ಟ್ರಿಪ್ ಆಗಿ ಅದು ಆರಿತು. ದೂರು ಹೇಳಿದ್ದಕ್ಕೆ ಕೆಲಸದ ಹುಡುಗ ನಿಗಿನಿಗಿ ಕೆಂಡದ ಅಂಗೀಠಿಯನ್ನು ತಂದು ಮಂಚದ ಪಕ್ಕದಲ್ಲಿಟ್ಟು, ಬೆಚ್ಚಗಿರಲೆಂದು ಕಿಟಕಿಯನ್ನೂ ಮುಚ್ಚಿದ! ಅದನ್ನು ಆ ಕ್ಷಣವೇ ಹೊರಗೆ ಕಳಿಸಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ ಮಲಗಿದವರು ಏಳದೇ ಹೋಗುತ್ತಾರೆ; ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಇಂಥ ಸಾವುಗಳು ವರದಿಯಾಗುತ್ತವೆ. ನಾವು ಹಣ ಹಿಂದೆ ಕೇಳಿದರೆ ಮ್ಯಾನೇಜರ್ ನಕ್ಕರು. ಆದ್ದರಿಂದ ಕೋಣೆ ಕಾಯ್ದಿರಿಸುವಾಗ ವಿದ್ಯುತ್ ಹೀಟರ್ ಬಾಡಿಗೆಯಲ್ಲಿಯೇ ಸೇರಿದೆಯೇ, ಕರೆಂಟ್ ಹೋದರೆ ವ್ಯವಸ್ಥೆ ಏನು ಎಂದು ಸಂದೇಶದ ಮೂಲಕ ಬರೆಸಿಕೊಳ್ಳಿ. ಹೀಟರೇ ಇಲ್ಲದಿದ್ದರೂ ಚಿಂತೆಯಿಲ್ಲ, ಎರಡೆರಡು ರಜಾಯಿ ಕೊಡುವ ಲಾಡ್ಜ್ ವಾಸಿ.

ಹೊಟ್ಟೆಯ ಮಟ್ಟಿಗೆ ದೆಹಲಿಯ ಮೇಲೆ ನನ್ನದೇನೂ ದೂರಿಲ್ಲ. ಪಹಾಡ್‌ಗಂಜ್‌ನ ಒಳಗಲ್ಲಿಯೊಂದರಲ್ಲಿ ಗಂಡ ಹೆಂಡತಿ ನಡೆಸುವ, ಫಲಕವೂ ಇಲ್ಲದ ನಾಲ್ಕು ಮೇಜಿನ ಊಟದ ಅಂಗಡಿ ಸಿಕ್ಕಿತು. ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪಿನ ಪಲ್ಯ, ಮೇಲೊಂದು ಬೆಣ್ಣೆಯುಂಡೆ, ಬದಿಗೆ ಬೆಲ್ಲದ ಚೂರು; ಇಷ್ಟಕ್ಕೆ ತಲೆಗೆ 70 ರೂಪಾಯಿ. ಆ ತಾಯಿ ರೊಟ್ಟಿಯನ್ನು ಅಂಗೈಯಲ್ಲಿಯೇ ತಟ್ಟುವುದನ್ನು ಅವ್ವ ಕಣ್ಣು ಕೀಳದೆ ನೋಡಿ, ಎದ್ದು ಹೋಗಿ ತಾನೂ ಒಂದು ತಟ್ಟಿ ಬಂದಳು. ಭಾಷೆ ಬಾರದ ಇಬ್ಬರೂ ಮುಂದಿನ ಅರ್ಧ ಗಂಟೆ ರೊಟ್ಟಿಯ ಬಗ್ಗೆಯೇ ಮಾತಾಡಿಕೊಂಡರು. ಅಡುಗೆಯೆಲ್ಲ ಗ್ಯಾಸಿನ ಮೇಲೆ ನಡೆಯುತ್ತಿದ್ದುದರಿಂದ, ತಂದೂರಿನ ಇದ್ದಲ ಹೊಗೆ ತುಂಬಿದ ದೊಡ್ಡ ಹೋಟೆಲುಗಳಲ್ಲಿ ಆರಂಭವಾಗುತ್ತಿದ್ದ ಅವ್ವನ ಕೆಮ್ಮು ಇಲ್ಲಿ ಬರಲಿಲ್ಲ. ಬೆಲ್ಲ ತಿಂದರೆ ಶ್ವಾಸಕೋಶದ ಹೊಗೆ ತೊಳೆದುಹೋಗುತ್ತದೆ ಎಂದು ಆ ಯಜಮಾನರು ನಂಬಿಸಲು ನೋಡಿದರು. ಬೆಲ್ಲ ಹೋಗುವುದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ, ರುಚಿಗಾಗಿ ತಿನ್ನಿ.

ಕೆಂಪುಕೋಟೆ, ಕುತುಬ್ ಮಿನಾರುಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ಆಗ್ರಾಕ್ಕೆ ಮಾತ್ರ ನಸುಕಿನಲ್ಲಿ ಹೊರಡುವ ಪ್ಯಾಕೇಜ್ ಬಸ್ಸನ್ನು ಹತ್ತಬೇಡಿ. ನಮ್ಮ ಬಸ್ಸಿನ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ, ಮಂಜಿನಲ್ಲಿ ತೆವಳುತ್ತ ಸಾಗಿದ ಆ ದಾರಿಯುದ್ದಕ್ಕೂ ಮುಂದಿನ ಲಾರಿಯ ಹೊಗೆ ನೇರವಾಗಿ ಅವ್ವನ ಮುಖಕ್ಕೆ ಬಡಿಯುತ್ತಿತ್ತು. ತಾಜಮಹಲಾದರೂ ಕಂಡದ್ದು ಮಧ್ಯಾಹ್ನವಾದ ಮೇಲೆಯೇ.

ಹೊರಗೆ ತಿರುಗಾಡಲು ಮಧ್ಯಾಹ್ನ 12ರಿಂದ 4 ಗಂಟೆಯವರೆಗಿನ ಹೊತ್ತನ್ನು ಇಟ್ಟುಕೊಂಡು, ದೂರದ ಓಡಾಟಕ್ಕೆ ಮೆಟ್ರೊ ಹಿಡಿಯಿರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪಿನಲ್ಲಿ ಗಾಳಿಯ ಸೂಚ್ಯಂಕ 300 ದಾಟಿದರೆ 'ಅತಿ ಕಳಪೆ', 400 ದಾಟಿದರೆ 'ತೀವ್ರ'. ಅಂಥ ದಿನ ಹೃದಯ ಅಥವಾ ಉಸಿರಾಟದ ಕಾಯಿಲೆ ಇದ್ದವರು ಕೋಣೆಯಲ್ಲಿಯೇ ಇರುವುದು ಲೇಸು. ಮಫ್ಲರ್ ಚಳಿಯನ್ನು ತಡೆಯುತ್ತದೆಯೇ ಹೊರತು ಸೂಕ್ಷ್ಮ ಕಣಗಳನ್ನಲ್ಲ. ಮುಖಕ್ಕೆ ಸಂದಿಲ್ಲದಂತೆ ಕೂರುವ ಎನ್95 ಮಾಸ್ಕ್ ಹಾಕಿ ಅದರ ಮೇಲೆ ಮಫ್ಲರ್ ಸುತ್ತಿದರೆ ಎರಡೂ ಕೆಲಸವಾಗುತ್ತದೆ. ಇನ್‌ಹೇಲರನ್ನು ಕೈಚೀಲದಲ್ಲಿಡದೆ ಒಳಜೇಬಿನಲ್ಲಿಡಿ, ಡಬ್ಬಿ ತಣ್ಣಗಾದರೆ ಔಷಧ ಸರಿಯಾಗಿ ಬರುವುದಿಲ್ಲ. ಪೂಜೆಗೆಂದು ನಸುಕಿನಲ್ಲಿ ತಣ್ಣೀರು ಸ್ನಾನ ಮಾಡುವ ಹಿರಿಯರನ್ನು ಒಪ್ಪಿಸುವುದು ಕಷ್ಟ, ಆದರೂ ಬಿಸಿನೀರಿಗೆ, ಬಿಸಿಲೇರಿದ ಹೊತ್ತಿಗೆ ಒಪ್ಪಿಸಲೇಬೇಕು. ಎದೆ ಬಿಗಿತ ಅಥವಾ ಉಬ್ಬಸ ಕುಳಿತು ಸುಧಾರಿಸಿಕೊಂಡರೂ ಇಳಿಯದಿದ್ದರೆ, ಊರಿಗೆ ಹೋಗಿ ತೋರಿಸೋಣ ಎನ್ನದೆ ಅಲ್ಲಿಯೇ ಆಸ್ಪತ್ರೆಗೆ ಹೋಗಿ.

ಕಾಯಿಲೆ ಇದ್ದವರಿಗೆ ಫೆಬ್ರವರಿಯ ಕೊನೆಯಿಂದ ಮಾರ್ಚ್ ನಡುವಿನವರೆಗಿನ ಅವಧಿಯೇ ಒಳ್ಳೆಯದು. ಜನವರಿಯಲ್ಲಿಯೇ ಹೋಗಬೇಕಾದರೆ, ಮಂಜಿನಿಂದ ಹಿಂದಿರುಗುವ ರೈಲು ಎಷ್ಟು ತಡವಾದೀತೆಂದು ಹೇಳಲಾಗದ್ದರಿಂದ ಒಂದು ವಾರದ ಮಾತ್ರೆಗಳನ್ನು ಹೆಚ್ಚಿಗೆ ಕಟ್ಟಿಕೊಳ್ಳಿ.