ಶಿರಾಡಿ ಇಳಿಯುವಾಗ ಹುಡುಕಿದ ಬೋರ್ಡು

ಅಷ್ಟಮಿಗೆ ತಮ್ಮನ ಮನೆಗೆ ಹೋಗಲೇಬೇಕು ಅಂತ ಅಮ್ಮ ಹಟ ಹಿಡಿದಿದ್ದಳು. ಮಾವನ ಮನೆ ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ದಂಡೆಯ ಹತ್ತಿರ. ನಾವಿರುವುದು ಬೆಂಗಳೂರಿನಲ್ಲಿ. ನಡುವೆ ಶಿರಾಡಿ ಘಾಟಿ.

2024ರ ಆಗಸ್ಟ್ ಅದು. ಆ ಮಳೆಗಾಲವನ್ನು ಕರಾವಳಿಯ ಕಡೆಯವರು ಯಾರೂ ಮರೆಯುವ ಹಾಗಿಲ್ಲ. ಜುಲೈ 16ರ ಬೆಳಿಗ್ಗೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. ಹೆದ್ದಾರಿ ಪಕ್ಕದ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಮನೆಯವರು, ಅಲ್ಲಿ ಲಾರಿ ನಿಲ್ಲಿಸಿದ್ದವರು ಮಣ್ಣಿನ ಪಾಲಾಗಿದ್ದರು. ನಾವು ಹೊರಡುವ ಹೊತ್ತಿಗೂ ಕೇರಳದ ಒಬ್ಬ ಲಾರಿ ಚಾಲಕನನ್ನು ಗಂಗಾವಳಿ ಹೊಳೆಯಲ್ಲಿ ಹುಡುಕುತ್ತಲೇ ಇದ್ದರು. ಅವರು ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಜುಲೈ ಕೊನೆಯಲ್ಲಿ ನಮ್ಮದೇ ದಾರಿಯ ದೊಡ್ಡತಪ್ಪಲೆಯಲ್ಲೂ ಗುಡ್ಡ ಜರಿದು ಹೆದ್ದಾರಿ ಬಂದ್ ಆಗಿತ್ತು. ರೈಲಿಗೆ ಹೋಗೋಣ ಅಂದರೆ, ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಜಾರಿ ಆ ದಾರಿಯೂ ದಿನಗಟ್ಟಲೆ ನಿಂತಿದ್ದು ತಲೆಯಲ್ಲಿತ್ತು.

‘ರಸ್ತೆ ಬಿಟ್ಟಿದ್ದಾರಂತಲ್ಲ ಮಗಾ, ಹಗಲಲ್ಲಿ ಹೋದರೆ ಆಯ್ತು’ ಅಂದಳು ಅಮ್ಮ. ಸರಿ ಅಂತ ಶನಿವಾರ ಬೆಳಿಗ್ಗೆ ಐದಕ್ಕೆ ಹೊರಟೆವು.

ಹಾಸನದವರೆಗೆ ಹೇಳುವಂಥದ್ದು ಏನಿಲ್ಲ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ. ಅಗಲವಾದ ರಸ್ತೆ, ಅಲ್ಲಲ್ಲಿ ಟೋಲ್. ಹಾಸನ ದಾಟಿದ ಮೇಲೆ ನಿಜವಾದ ಪ್ರಯಾಣ ಶುರು.

ಹಾಸನದಿಂದ ಮಾರನಹಳ್ಳಿಯವರೆಗೆ ಸುಮಾರು 45 ಕಿಲೋಮೀಟರ್. ಇದನ್ನು ನಾಲ್ಕು ಪಥ ಮಾಡುವ ಕೆಲಸ ಶುರುವಾಗಿದ್ದು 2017ರ ಸುಮಾರಿಗೆ. ಆಗ ಒಂದನೇ ಕ್ಲಾಸಿಗೆ ಸೇರಿದ ಮಗು ನಾವು ಹೋಗುವಾಗ ಹೈಸ್ಕೂಲಿನಲ್ಲಿತ್ತು. ರಸ್ತೆ ಮಾತ್ರ ಇನ್ನೂ ಪೂರ್ತಿ ಆಗಿರಲಿಲ್ಲ. ಎರಡು ಕಿಲೋಮೀಟರ್ ಚೆಂದದ ಕಾಂಕ್ರೀಟು ಬರುತ್ತದೆ, ಗಾಡಿ ತಾನಾಗಿ ಎಂಬತ್ತು ಮುಟ್ಟುತ್ತದೆ. ಅಷ್ಟರಲ್ಲಿ ಮಣ್ಣಿನ ರಾಶಿ ಅಡ್ಡ ಬಂದು ದಾರಿ ಬಲಕ್ಕೆ ತಿರುಗಿಬಿಡುತ್ತದೆ. ಅಲ್ಲಿಂದ ಎದುರಿನ ಬಸ್ಸುಗಳ ಎದುರಿಗೇ ಓಡಿಸಬೇಕು. ನನಗೆ ಹೆದರಿಕೆ ಆಗಿದ್ದು ಗುಂಡಿಗಳಿಂದ ಅಲ್ಲ, ಈ ತಿರುವುಗಳಿಂದ. ಗುಂಡಿ ಬಿದ್ದ ರಸ್ತೆಯಲ್ಲಿ ಎಲ್ಲರೂ ನಿಧಾನ ಹೋಗುತ್ತಾರೆ. ಒಳ್ಳೆಯ ರಸ್ತೆ ಹೇಳದೆ ಕೇಳದೆ ಮುಗಿದರೆ ಏನು ಮಾಡುವುದು?

ಇದಕ್ಕೆಲ್ಲ ಕ್ರಮ ಇಲ್ಲ ಅಂತಲ್ಲ. ರಸ್ತೆ ಹೇಗಿರಬೇಕು ಅಂತ ಮಾನದಂಡ ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಕಾಮಗಾರಿ ನಡೆಯುವ ಜಾಗದ ಸಂಚಾರಕ್ಕೆ ಅಂತಲೇ ಒಂದು ಪುಸ್ತಕ ಮಾಡಿದೆ. ಮೊದಲು ಸಾಕಷ್ಟು ದೂರದಿಂದ ಎಚ್ಚರಿಕೆ ಫಲಕ ಬರಬೇಕು. ಆಮೇಲೆ ಗಾಡಿಗಳನ್ನು ನಿಧಾನಕ್ಕೆ ಒಂದು ಪಕ್ಕಕ್ಕೆ ತರುವ ಜಾಗ, ಆಮೇಲೆ ಕೆಲಸದ ಜಾಗ, ಕೊನೆಗೆ ಮತ್ತೆ ಮಾಮೂಲಿ ದಾರಿಗೆ ಸೇರಿಸುವ ಜಾಗ. ರಾತ್ರಿ ಹೊಳೆಯುವ ಪಟ್ಟಿ, ದೀಪ, ಬಾವುಟ ಹಿಡಿದವರಿಗೆ ಹೊಳೆಯುವ ಜಾಕೆಟ್, ಎಲ್ಲ ಅದರಲ್ಲಿದೆ. ನಾವು ಕಂಡಿದ್ದು ಸುಣ್ಣ ಬಳಿದ ನಾಲ್ಕು ಕಲ್ಲು. ಒಂದು ಕಡೆ ಟಾರಿನ ಡ್ರಮ್ಮಿಗೆ ಮರದ ಕೊಂಬೆ ಸಿಕ್ಕಿಸಿದ್ದರು. ಕೊಂಬೆಯ ಎಲೆ ಇನ್ನೂ ಹಸಿರಾಗಿತ್ತು, ಅವತ್ತೇ ಮುರಿದು ತಂದಿದ್ದಿರಬೇಕು.

ಸಕಲೇಶಪುರ ಹತ್ತಿರವಾಗುವಾಗ ಮಳೆ ಸಣ್ಣಗಾಯಿತು. ರಸ್ತೆ ಬದಿಯಲ್ಲಿ ಒಂದು ದೊಡ್ಡ ನೀಲಿ ಬೋರ್ಡು ಕಂಡಿತು, ಗಾಡಿ ನಿಲ್ಲಿಸಿ ಇಳಿದೆ. ಕಾಮಗಾರಿಯ ಹೆಸರು, ಉದ್ದ, ಮೊತ್ತ, ಗುತ್ತಿಗೆದಾರರು, ಶುರುವಾದ ದಿನ, ಮುಗಿಯುವ ದಿನ. ಮುಗಿಯುವ ದಿನ ಇರಬೇಕಾದ ಜಾಗದಲ್ಲಿ ಕಬಡ್ಡಿ ಪಂದ್ಯದ ಪೋಸ್ಟರ್ ಅಂಟಿಸಿದ್ದರು. ಮಳೆಗೆ ನೆನೆದು ಮೂಲೆ ಎದ್ದಿತ್ತು. ಉಗುರಿನಿಂದ ಮೆಲ್ಲನೆ ಎಬ್ಬಿಸಿ ನೋಡಿದೆ. ಕೆಳಗಿನ ಬಣ್ಣವೂ ಪೋಸ್ಟರ್ ಜೊತೆಗೇ ಕಿತ್ತು ಬಂತು. ತಾರೀಕು ಸಿಗಲಿಲ್ಲ.

‘ಎಂಥ ಹುಡುಕ್ತಿದ್ದಿ?’ ಅಂತ ಅಮ್ಮ ಕಾರಿನಿಂದಲೇ ಕೂಗಿದಳು.

‘ಯಾವಾಗ ಮುಗೀತದೆ ಅಂತ ಬರೆದಿದ್ದಾರಾ ಅಂತ ನೋಡಿದೆ ಅಮ್ಮ.’

‘ಅದನ್ನು ಬೋರ್ಡಿನಲ್ಲಿ ಬರೆದರೆ ಸಾಕಾ? ಕೇಳುವವರು ಬೇಡವಾ?’

ಹೌದಲ್ವಾ. ಆ ಮಾತು ದಾರಿಯುದ್ದಕ್ಕೂ ನನ್ನ ಜೊತೆಗೇ ಬಂತು.

ದೋಣಿಗಾಲ್ ದಾಟುವಾಗ ಸಾಲು ನಿಂತಿತು. ಒಂದೇ ಬದಿಯಲ್ಲಿ ಗಾಡಿ ಬಿಡುತ್ತಿದ್ದರು. ನಾವು ಒಂದೂಕಾಲು ಗಂಟೆ ಕಾದೆವು. ಬಾವುಟ ಹಿಡಿದಿದ್ದವನಿಗೆ ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ. ತಲೆಗೆ ಸಿಮೆಂಟ್ ಚೀಲದ ಕೊಪ್ಪೆ, ಕಾಲಿಗೆ ಹವಾಯಿ ಚಪ್ಪಲಿ. ಜಾಕೆಟ್ ಇಲ್ಲ. ಮಂಜಿನಲ್ಲಿ ಹತ್ತು ಮಾರು ದೂರದಿಂದ ಅವನು ಕಾಣುವುದೇ ಇಲ್ಲ. ಲಾರಿಯವರಿಗೆ ಕಾಣುವುದು ಅವನ ಕೈಯ ಕೆಂಪು ಬಟ್ಟೆ ಮಾತ್ರ. ಗಾಜಿನ ಒಳಗೆ ಕೂತ ನಾವು ‘ತಡ ಆಯ್ತು’ ಅಂತ ಗೊಣಗುತ್ತೇವೆ, ಆ ಹುಡುಗ ದಿನವಿಡೀ ಟೈರುಗಳ ಎದುರಿಗೆ ನಿಂತಿರುತ್ತಾನೆ. ಅವನಿಗೆ ಒಂದು ಜಾಕೆಟ್ ಕೊಡಿಸಲು ಎಷ್ಟು ಖರ್ಚಾದೀತು?

ಕಾಯುವಾಗ ಕೊಡೆ ಹಿಡಿದು ಗುಡ್ಡದ ಕಡೆ ನಡೆದೆ. ರಸ್ತೆ ಅಗಲ ಮಾಡಲು ಗುಡ್ಡವನ್ನು ಕತ್ತಿಯಲ್ಲಿ ಬೆಲ್ಲ ಕೊಯ್ದ ಹಾಗೆ ನೆಟ್ಟಗೆ ಕೊಯ್ದಿದ್ದಾರೆ. ಮಳೆ ಜಾಸ್ತಿ ಬೀಳುವ ಕಡೆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಮೇಲಿನಿಂದ ಬರುವ ನೀರು ಕೊಯ್ದ ಜಾಗಕ್ಕೆ ಇಳಿಯದ ಹಾಗೆ ನೆತ್ತಿಯಲ್ಲೇ ಕಾಲುವೆ ತೆಗೆದು ಪಕ್ಕಕ್ಕೆ ತಿರುಗಿಸಬೇಕು. ತೋಟದವರಿಗೂ ಗೊತ್ತಿರುವ ವಿಷಯ ಇದು, ಅಡಿಕೆ ತೋಟದ ಧರೆಯನ್ನು ಯಾರೂ ನೆಟ್ಟಗೆ ಕಡಿದು ಬಿಡುವುದಿಲ್ಲ. ಕೆಳಗೆ ಕಟ್ಟಿದ ತಡೆಗೋಡೆಯಲ್ಲಿ ನೀರು ಹೊರಬರಲು ಪೈಪಿನ ತೂತುಗಳನ್ನು ಬಿಟ್ಟಿದ್ದರು. ಒಂದೊಂದಾಗಿ ನೋಡುತ್ತಾ ಹೋದೆ. ಒಂಬತ್ತು ತೂತುಗಳಲ್ಲಿ ಏಳು ಒಣಗಿದ್ದವು. ಮಳೆ ಸುರಿಯುತ್ತಲೇ ಇತ್ತು. ಕೆಂಪು ನೀರು ಬರುತ್ತಿದ್ದುದು ಗೋಡೆಯ ಎರಡು ಭಾಗ ಸೇರುವ ಬಿರುಕಿನಿಂದ. ತೂತುಗಳು ಒಣಗಿವೆ ಅಂದರೆ ನೀರು ಗೋಡೆಯ ಹಿಂದೆ ನಿಲ್ಲುತ್ತಿದೆ ಅಂತ ಅರ್ಥ. ನಾನು ಎಂಜಿನಿಯರ್ ಅಲ್ಲ. ಆದರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಧೈರ್ಯ ಬರಲಿಲ್ಲ, ವಾಪಸ್ ಕಾರಿಗೆ ಬಂದೆ.

ಅಲ್ಲಿಂದ ಕೆಳಗೆ ಘಾಟಿಯ ಕಾಂಕ್ರೀಟು. ಗಟ್ಟಿ ರಸ್ತೆ ಅದು. ಅದರ ಕಥೆ ಹೇಳಲೇಬೇಕು. 2015ರಲ್ಲಿ ಜನವರಿಯಿಂದ ಆಗಸ್ಟ್‌ವರೆಗೆ ಘಾಟಿ ಮುಚ್ಚಿ ಒಂದು ಭಾಗಕ್ಕೆ ಕಾಂಕ್ರೀಟು ಹಾಕಿದರು. 2018ರಲ್ಲಿ ಜನವರಿಯಿಂದ ಜುಲೈವರೆಗೆ ಮತ್ತೆ ಮುಚ್ಚಿ ಉಳಿದ ಭಾಗ ಮುಗಿಸಿದರು. ಎರಡೂ ಸೇರಿ 26 ಕಿಲೋಮೀಟರ್. ಆ ತಿಂಗಳುಗಳಲ್ಲಿ ನಾವು ಚಾರ್ಮಾಡಿಯಲ್ಲೋ ಸಂಪಾಜೆಯಲ್ಲೋ ಸುತ್ತಿ ಬರುತ್ತಿದ್ದೆವು. ಕಷ್ಟ ಆಯಿತು ನಿಜ. ಆದರೆ ಎರಡು ಸಲವೂ ಇಡೀ ನಾಡಿನ ಕಣ್ಣು ಆ ರಸ್ತೆಯ ಮೇಲಿತ್ತು. ಯಾವಾಗ ತೆರೀತೀರಿ ಅಂತ ಪತ್ರಿಕೆಗಳು ಕೇಳಿದವು, ಬಸ್ಸಿನವರು ಕೇಳಿದರು. ಮಂತ್ರಿಗಳು ಬಂದು ನೋಡಿ ಉತ್ತರ ಕೊಡಬೇಕಾಯಿತು. ಒಂದಿಷ್ಟು ಹಿಂದೆಮುಂದೆ ಆದರೂ ಕೆಲಸ ಮುಗಿಯಿತು. ಮುಚ್ಚಿ ಮಾಡಿದ 26 ಕಿಲೋಮೀಟರ್ ತಿಂಗಳುಗಳಲ್ಲಿ ಆಯಿತು, ತೆರೆದಿಟ್ಟುಕೊಂಡು ಮಾಡುವ 45 ಕಿಲೋಮೀಟರ್ ವರ್ಷಗಟ್ಟಲೆ ಎಳೆಯಿತು. ಎರಡೂ ಒಂದೇ ಥರದ ಕೆಲಸ ಅಲ್ಲ, ಭೂಮಿ, ಕಾಡು, ಹಣ, ಎಲ್ಲದರ ತೊಡಕು ಇದೆ, ಒಪ್ಪುತ್ತೇನೆ. ಆದರೂ ಉತ್ತರ ಕೊಡಬೇಕಾದವರು ಯಾರು ಅಂತ ಜನಕ್ಕೆ ಗೊತ್ತಿದ್ದಾಗ ಕೆಲಸ ಓಡಿತು ಅನ್ನುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ಗುಂಡ್ಯದಲ್ಲಿ ಕಾಫಿ ಕುಡಿದು ಹೊರಟೆವು. ಅಲ್ಲಿಂದ ಆಚೆ ನೆಲ್ಯಾಡಿ, ಉಪ್ಪಿನಂಗಡಿ ಕಡೆ ಮತ್ತೆ ಅಗೆತ. ನೆಲ್ಯಾಡಿಗಿಂತ ಸ್ವಲ್ಪ ಮುಂದೆ ಟೈರು ಯಾಕೋ ಎಳೆದ ಹಾಗಾಯಿತು ಅಂತ ಒಂದು ಗೂಡಂಗಡಿ ಹತ್ತಿರ ನಿಲ್ಲಿಸಿದೆ. ಟೈರು ಸರಿಯಾಗಿಯೇ ಇತ್ತು. ಆದರೆ ಅಂಗಡಿಯ ಎದುರಿಗೆ, ರಸ್ತೆಯ ಅಂಚಿಗೇ, ಮೋರಿಗಾಗಿ ತೋಡಿದ ಹೊಂಡ. ಒಂದಾಳಿಗಿಂತ ಆಳ. ಒಳಗೆ ಕಂಬಿಗಳು ಮೇಲ್ಮುಖವಾಗಿ ನಿಂತಿವೆ, ಅರ್ಧ ನೀರು ತುಂಬಿದೆ. ಸುತ್ತ ಕಟ್ಟಿದ್ದ ಪಟ್ಟಿ ಹರಿದು ಕೆಸರಲ್ಲಿ ಬಿದ್ದಿತ್ತು. ಹೊಂಡದ ಮೇಲೆ ಒಂದು ಬಲ್ಬ್ ತೂಗುತ್ತಿತ್ತು. ಅಂಗಡಿಯಿಂದ ಒಂದು ವಯರು ಎಳೆದು, ಬಿದಿರು ಗಳಕ್ಕೆ ಸುತ್ತಿ, ಬಲ್ಬಿನ ಮೇಲೆ ಮಳೆ ಬೀಳದ ಹಾಗೆ ತೆಂಗಿನ ಗೆರಟೆ ಕವುಚಿದ್ದರು.

ಅಮ್ಮ ಅಂಗಡಿಯವರನ್ನು ಕೇಳಿದಳು, ‘ಇದು ಯಾರು ಹಾಕಿದ್ದು?’

‘ನಾನೇ ಹಾಕಿದ್ದು ಅಮ್ಮಾ. ಒಬ್ಬ ಬೈಕಿನವ ಬಿದ್ದ. ಪುಣ್ಯಕ್ಕೆ ಕಂಬಿ ಇಲ್ಲದ ಕಡೆ ಬಿದ್ದ, ಕೈ ಮುರಿದು ಬದುಕಿದ. ಮತ್ತೆ ನನಗೆ ರಾತ್ರಿ ನಿದ್ರೆ ಬರ್ಲಿಲ್ಲ. ಗಾಡಿ ಬ್ರೇಕ್ ಹಾಕಿದ ಶಬ್ದ ಕೇಳಿದರೆ ಎದ್ದು ಕೂತುಕೊಳ್ಳುದು. ಇದು ಆಗ್ಲಿಕ್ಕಿಲ್ಲ ಅಂತ ಬಲ್ಬ್ ಹಾಕಿದೆ.’

‘ಯಾರಿಗೂ ಹೇಳ್ಲಿಲ್ವಾ?’

‘ಎಲ್ಲರಿಗೂ ಹೇಳಿದ್ದೇನೆ ಮಾರಾಯ್ರೆ. ಕೆಲಸದವರು ಸೂಪರ್‌ವೈಸರ್ ಅಂತಾರೆ. ಸೂಪರ್‌ವೈಸರ್ ಕಂಪನಿ ಅಂತಾರೆ. ಕಂಪನಿಯವರು ಹೆದ್ದಾರಿ ಆಫೀಸು ಅಂತಾರೆ. ಪಂಚಾಯತಿನವರು ಅದು ನಮ್ಮದಲ್ಲ ಅಂತಾರೆ. ಹೊಂಡ ಮಾತ್ರ ನನ್ನ ಅಂಗಡಿ ಎದುರು.’

ಅವರ ಕರೆಂಟ್ ಬಿಲ್ಲಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಒಂದು ದೀಪ ಉರಿಯುತ್ತಿದೆ. ನನಗೆ ಗಂಟಲು ಕಟ್ಟಿದ ಹಾಗಾಯಿತು.

ಇಂಥ ಕಡೆ ಯಾರಾದರೂ ಸತ್ತರೆ ಕಾನೂನು ಏನು ಹೇಳುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನುವ ಕಲಂ ಸೇರಿಸಿದರು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ನಿಯಮ ಪಾಲಿಸದೆ, ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ, ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ದಂಡ. ದುರಸ್ತಿ ಮಾಡಲು ಆಗದಿದ್ದ ಜಾಗದಲ್ಲಿ ಎಚ್ಚರಿಕೆ ಫಲಕ ಹಾಕಿದ್ದರೋ ಇಲ್ಲವೋ ಅನ್ನುವುದನ್ನೂ ಕೋರ್ಟು ನೋಡಬೇಕು ಅಂತ ಅದರಲ್ಲೇ ಬರೆದಿದೆ. ದಂಡ ಎಷ್ಟು? ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ನೂರಾರು ಕೋಟಿಯ ಕೆಲಸದಲ್ಲಿ ಒಂದು ಲಕ್ಷ ಯಾರಿಗೆ ತಾಗುತ್ತದೆ? ಕೇಂದ್ರ ಸರ್ಕಾರದ್ದೇ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 61,038 ಮಂದಿ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ದೇಶದ ಒಟ್ಟು ರಸ್ತೆಯಲ್ಲಿ ಈ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು. ಪ್ರತಿ ಅಪಘಾತದ ಮರುದಿನ ‘ಚಾಲಕನ ಅತಿವೇಗ’ ಅಂತ ಓದುತ್ತೇವೆ. ಚಾಲಕನ ಹೆಸರು ಎಫ್‌ಐಆರ್‌ನಲ್ಲಿ ಬರುತ್ತದೆ. ಹೊಂಡ ತೋಡಿ ಹೋದವರ ಹೆಸರು ಯಾಕೆ ಬರುವುದಿಲ್ಲ ಅಂತ ನಾವು ಕೇಳುವುದೇ ಇಲ್ಲ.

ಅಲ್ಲೇ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆ. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುವ ನಂಬರ್ ಇದು, ದಯವಿಟ್ಟು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಎತ್ತಿದವರು ಸಮಾಧಾನದಿಂದ ಕೇಳಿಸಿಕೊಂಡು, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಎಷ್ಟು ಅಂತ ಕೇಳಿದರು. ‘ನೆಲ್ಯಾಡಿ ಹತ್ತಿರ’ ಅಂದರೆ ಸಾಲದು, ಕಲ್ಲಿನ ಸಂಖ್ಯೆ ಬೇಕು. ಅಂಗಡಿಯವರು ಕೊಡೆ ಇಲ್ಲದೆ ಓಡಿ ಹೋಗಿ, ಕಲ್ಲಿನ ಮೇಲಿನ ಕೆಸರನ್ನು ಕೈಯಲ್ಲಿ ಒರೆಸಿ, ಅಲ್ಲಿಂದಲೇ ಸಂಖ್ಯೆ ಕೂಗಿ ಹೇಳಿದರು. ನಾನು ಬರೆಸಿದೆ. ಹೊಂಡದ ಫೋಟೊ ಕೂಡ ತೆಗೆದುಕೊಂಡೆ, ತಾರೀಕು ಬರುವ ಹಾಗೆ.

ಉಪ್ಪಿನಂಗಡಿ, ಮಾಣಿ ದಾಟಿ ಕಲ್ಲಡ್ಕಕ್ಕೆ ಬಂದಾಗ ಮೇಲ್ಸೇತುವೆಯ ಕೆಲಸ ನಡೆದಿತ್ತು, ಅದರ ಕೆಳಗಿನ ರಸ್ತೆ ಗದ್ದೆಯ ಹಾಗಿತ್ತು. ಶಾಲೆಯ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನ ಕಲ್ಲುಗಳ ಮೇಲೆ ಒಬ್ಬರ ಹಿಂದೆ ಒಬ್ಬರು ದಾಟುತ್ತಿದ್ದರು. ಕೆ.ಟಿ., ಅಂದರೆ ಕಲ್ಲಡ್ಕದ ಹೆಸರಾಂತ ಚಹಾ, ಕುಡಿಯದೆ ಕಲ್ಲಡ್ಕ ದಾಟುವುದು ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಅವತ್ತು ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ. ಮಾವನ ಮನೆ ಮುಟ್ಟುವಾಗ ಸಂಜೆ ನಾಲ್ಕೂವರೆ. ಕತ್ತಲಾಗುವ ಮುಂಚೆ ಬಂದಿರಲ್ಲ, ಅಷ್ಟು ಸಾಕು ಅಂದರು ಅತ್ತೆ.

ಆಮೇಲೆ 2025ರ ಆಗಸ್ಟ್‌ನಲ್ಲಿ ಕೇರಳದಿಂದ ಒಂದು ಸುದ್ದಿ ಬಂತು. ಎಡಪ್ಪಳ್ಳಿ–ಮಣ್ಣುತ್ತಿ ಹೆದ್ದಾರಿಯ ದುಸ್ಥಿತಿ ನೋಡಿ ಅಲ್ಲಿನ ಹೈಕೋರ್ಟು ಪಾಲಿಯೆಕ್ಕರ ಟೋಲ್ ವಸೂಲಿಯನ್ನು ನಾಲ್ಕು ವಾರ ನಿಲ್ಲಿಸಿತು. ಸುಪ್ರೀಂ ಕೋರ್ಟು ಅದಕ್ಕೆ ಅಡ್ಡ ಬರಲಿಲ್ಲ. ಸಂಚಾರಕ್ಕೆ ಯೋಗ್ಯವಾದ ರಸ್ತೆ ಕೊಡದೆ ಜನರಿಂದ ಟೋಲ್ ಕೇಳುವ ಹಾಗಿಲ್ಲ ಅಂತ ಒಂದು ನ್ಯಾಯಾಲಯ ಹೇಳಿದ್ದನ್ನು ಓದಿದಾಗ ನನಗೆ ನೆನಪಾಗಿದ್ದು ಆ ಗೂಡಂಗಡಿಯವರು. ಅವರು ಟೋಲ್ ಕಟ್ಟುವವರಲ್ಲ, ಅವರ ಹತ್ತಿರ ಗಾಡಿಯೇ ಇಲ್ಲ. ಅವರ ಪರವಾಗಿ ಯಾವ ಕೋರ್ಟಿಗೆ ಯಾರು ಹೋಗಬೇಕು?

ಆ ಸಲ ಅಷ್ಟಮಿ ಮುಗಿಸಿ, ಮಂಗಳವಾರ ರಾತ್ರಿ ಮೂರೂಮುಕ್ಕಾಲಿಗೇ ಎದ್ದು ವಾಪಸ್ ಹೊರಟೆವು. ನೆಲ್ಯಾಡಿ ಹತ್ತಿರ ಬರುವಾಗ ಇನ್ನೂ ಕತ್ತಲು, ಜೋರು ಮಳೆ. ‘ನಿಧಾನ ಮಗಾ, ಆ ಹೊಂಡ ಇಲ್ಲೇ’ ಅಂದಳು ಅಮ್ಮ. ಹೊಂಡದ ಎರಡು ತುದಿಗೂ ಒಂದೊಂದು ಹೊಸ ಡ್ರಮ್ ಬಂದಿತ್ತು. ಹಳದಿ ಕಪ್ಪು ಬಣ್ಣ ಬಳಿದು ಹೊಳೆಯುವ ಪಟ್ಟಿ ಅಂಟಿಸಿದ್ದರು. ನಮ್ಮ ಫೋನಿಗೇ ಬಂತೋ, ಬೇರೆ ಯಾರಾದರೂ ಹೇಳಿದ್ದಕ್ಕೋ ತಿಳಿಯದು. ಎರಡು ಡ್ರಮ್ಮುಗಳ ನಡುವೆ ಮಾತ್ರ ಇನ್ನೂ ಏನೂ ಇರಲಿಲ್ಲ. ಅಂಗಡಿಗೆ ಬಾಗಿಲು ಹಾಕಿತ್ತು. ಗೆರಟೆಯ ಕೆಳಗೆ ಬಲ್ಬ್ ಉರಿಯುತ್ತಿತ್ತು.