ಮುಖಿನಾ ಬೇಡ ಅಂದಿದ್ದಳು

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಮೊನ್ನೆ ಸಂಜೆ ಅಕ್ಕನ ಮಗಳು ಲಾಗ ಹಾಕುತ್ತಿದ್ದಳು. ಈ ವರ್ಷ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಸೇರಿದ್ದಾಳೆ. ಮುಂದಕ್ಕೆ ಚೆನ್ನಾಗಿಯೇ ಬರುತ್ತದೆ. ಪಕ್ಕದಲ್ಲಿ ಮೊಬೈಲ್ ಹಿಡಿದು ಆಡುತ್ತಿದ್ದ ದೊಡ್ಡ ಹುಡುಗರು, "ಹಿಂದಕ್ಕೆ ಹಾರು, ಏನೂ ಆಗೂದಿಲ್ಲ" ಎಂದು ಹುರಿದುಂಬಿಸತೊಡಗಿದರು. ಅವಳು ನನ್ನ ಕಡೆ ತಿರುಗಿ, "ಚಿಕ್ಕಿ, ನಂಗೆ ಹೆದರಿಕೆ" ಎಂದಳು. ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಕೈ ಹಿಡಿದು ಕರೆದುಕೊಂಡು ಹೊರಟೆ. ದಾರಿಯಲ್ಲಿ ಅವಳಿಗೆ ಸೋವಿಯತ್ ಜಿಮ್ನಾಸ್ಟ್ ಎಲೆನಾ ಮುಖಿನಾಳ ಕತೆ ಹೇಳಿದೆ.

ರೊಮೇನಿಯಾದ ಜಿಮ್ನಾಸ್ಟ್ ನಾದಿಯಾ ಕೊಮನೆಚಿ ಎಲ್ಲರಿಗೂ ಗೊತ್ತು. 1976ರ ಒಲಿಂಪಿಕ್ಸ್‌ನಲ್ಲಿ ಪೂರ್ತಿ 10 ಅಂಕ ಪಡೆದವಳು. ಎರಡೇ ವರ್ಷದಲ್ಲಿ, ಸ್ಟ್ರಾಸ್‌ಬರ್ಗ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಆ ನಾದಿಯಾ ನಾಲ್ಕನೆಯವಳಾದಳು. ಆಲ್‌ರೌಂಡ್, ಅಂದರೆ ಎಲ್ಲ ವಿಭಾಗಗಳ ಒಟ್ಟು ಅಂಕದ ಚಿನ್ನ ಗೆದ್ದವಳು ಮಾಸ್ಕೋದ 18ರ ಮುಖಿನಾ. ತಾಯಿ ಇಲ್ಲದೆ ಅಜ್ಜಿಯ ಕೈಯಲ್ಲಿ ಬೆಳೆದ ಹುಡುಗಿ. ಎತ್ತರದ ಅಡ್ಡಕಂಬಿ, ಅಂದರೆ ಬಾರ್ ಮೇಲಿಂದ ಹಿಂದಕ್ಕೆ ಲಾಗ ಹಾಕುತ್ತಾ, ಗಾಳಿಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿ, ಮತ್ತೆ ಅದೇ ಬಾರ್ ಹಿಡಿಯುತ್ತಿದ್ದಳು. ಆ ಹಳೇ ವಿಡಿಯೋ ನೋಡಿದಾಗಲೆಲ್ಲ ನನ್ನ ಎದೆ ಡವಡವ ಅನ್ನುತ್ತದೆ.

1979ರಲ್ಲಿ ಅವಳ ಕಾಲು ಮುರಿಯಿತು. ಸರಿಯಾಗಿ ವಾಸಿಯಾಗುವ ಮೊದಲೇ ಮತ್ತೆ ಅಭ್ಯಾಸ. ಅದರ ಮೇಲೆ ಥಾಮಸ್ ಸಾಲ್ಟೊ ಎಂಬ ಹೊಸ ಲಾಗ. ಗಂಡಸರಿಗಾಗಿ ಹುಟ್ಟಿದ್ದು ಅದು. ಗಾಳಿಯಲ್ಲಿ ತಿರುಗಿ, ಕಾಲಿನ ಮೇಲೆ ನಿಲ್ಲದೆ, ನೇರ ನೆಲಕ್ಕೆ ಉರುಳಬೇಕು. ಒಂದಿಷ್ಟು ಎತ್ತರ ಕಡಿಮೆಯಾದರೂ ಮೊದಲು ತಾಗುವುದು ತಲೆ, ಇಲ್ಲ ಗದ್ದ. ನನ್ನ ಕುತ್ತಿಗೆ ಮುರಿಯುತ್ತದೆ ಎಂದು ಅವಳು ಕೋಚ್‌ಗೆ ಹೇಳಿದ್ದಳಂತೆ. ನಿನ್ನಂಥವರ ಕುತ್ತಿಗೆ ಮುರಿಯುವುದಿಲ್ಲ ಎಂದು ಉತ್ತರ ಬಂತಂತೆ. 1980ರ ಜುಲೈ 3, ಮಿನ್ಸ್ಕ್. ಮಾಸ್ಕೋ ಒಲಿಂಪಿಕ್ಸ್‌ಗೆ ಎರಡು ವಾರವಷ್ಟೇ ಇತ್ತು. ಗದ್ದ ನೆಲಕ್ಕೆ ಬಡಿಯಿತು, ಕುತ್ತಿಗೆ ಮುರಿಯಿತು.

ಸದ್ಯ, ಇನ್ನು ಒಲಿಂಪಿಕ್ಸ್‌ಗೆ ಹೋಗಬೇಕಾಗಿಲ್ಲ ಅಂತ ಬಿದ್ದ ಕೂಡಲೇ ಅನ್ನಿಸಿತು ಎಂದು ಅವಳೇ ಮುಂದೆ ಹೇಳಿದ್ದಾಳೆ. 20 ವರ್ಷದ ಹುಡುಗಿಗೆ ಹಾಗನ್ನಿಸಬೇಕಾದರೆ ಎಷ್ಟು ದಣಿದಿರಬೇಕು, ಅಲ್ವಾ? ಕೈಕಾಲು ಸ್ವಾಧೀನ ಇಲ್ಲದೆ ಮತ್ತೆ 26 ವರ್ಷ ಬದುಕಿದಳು. 2006ರಲ್ಲಿ, 46ನೇ ವಯಸ್ಸಿಗೆ ತೀರಿಕೊಂಡಳು. ಆ ಲಾಗವನ್ನು ಹೆಂಗಸರಿಗೆ ನಿಷೇಧಿಸಿದರು, ಬಹಳ ತಡವಾಗಿ ಗಂಡಸರಿಗೂ.

"ಅವಳು ಬೇಡ ಅಂದಿದ್ಲಾ, ಚಿಕ್ಕಿ?" ಎಂದು ಹುಡುಗಿ ಮತ್ತೊಮ್ಮೆ ಕೇಳಿದಳು.

"ಅಂದಿದ್ದಳು."

"ಹಂಗಾದ್ರೆ ನಾನೂ ಮಾಸ್ತರರಿಗೆ ಹೇಳ್ತೆ."

ಸೋಮವಾರ ಕ್ಲಾಸಿಗೆ ನಾನೂ ಜೊತೆಗೆ ಹೋಗುತ್ತೇನೆ. ದಪ್ಪ ಮ್ಯಾಟ್ ಇದೆಯಾ, ಹಿಂದಕ್ಕೆ ಹಾರುವಾಗ ಸೊಂಟ ಹಿಡಿಯಲು ಪಕ್ಕದಲ್ಲಿ ಒಬ್ಬರು ನಿಲ್ಲುತ್ತಾರಾ ಎಂದು ಕೇಳಬೇಕು.